ಅಣ್ಣನ ಕಣ್ಣು, ವೈನಿಯ ಬಿಳಿ ಸೀರೆ

ತಂಗೆವ್ವ ಹೇಳಿದ್ದನ್ನು ನಾಲ್ಕರಿಂದ ಭಾಗಿಸಿ ಕೇಳಬೇಕು ಎಂದು ಐನಾಪುರದ ಮಂದಿ ನನ್ನ ಬಗ್ಗೆ ಅನ್ನುತ್ತಾರೆ. ಅನ್ನಲಿ. ಈ ಸಂಗತಿಯನ್ನು ನಾಲ್ಕರಿಂದಲ್ಲ, ನಾನೂರರಿಂದ ಭಾಗಿಸಿದರೂ ಉಳಿಯುವ ಹೇಸಿಗೆ ನಮ್ಮ ಮನೆಗೆ ಸಾಲುವಷ್ಟಾಗಿ ಪಕ್ಕದ ಮನೆಗೂ ಒಂದು ಬುಟ್ಟಿ ಕೊಡಬಹುದು.

ನಮ್ಮಣ್ಣ ಧರೆಪ್ಪ ಕಣ್ಣು ಹಾಕಿಸಿಕೊಂಡು ಪುಣೆಯಿಂದ ಜೀಪಿನಲ್ಲಿ ಬಂದ ದಿನ ನಮ್ಮ ಓಣಿಯಲ್ಲಿ ಕೂಡಿದ ಮಂದಿಗೆ ಲೆಕ್ಕವಿರಲಿಲ್ಲ. ಉಗಾರದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಸಿಗದೆ ಕೃಷ್ಣೆಯ ದಂಡೆಯವರೆಗೆ ಸಾಲುಗಟ್ಟಿ ನಿಂತವು. ಅಣ್ಣನಿಗೆ ಪ್ರಾಯದಲ್ಲೇ ಇರುಳುಗುರುಡು. ಆಮೇಲೆ ನೋಟ ಸುತ್ತಲಿಂದ ಮುಚ್ಚುತ್ತ ಬಂದು, ಬಿದಿರಿನ ಕೊಳವೆಯಷ್ಟಾಗಿ, ಸೂಜಿಯ ಕಣ್ಣಷ್ಟಾಗಿ, ಕಡೆಗೆ ಪೂರಾ ಕತ್ತಲೆ. ಹೊಸ ನಮೂನೆಯ ಕಣ್ಣನ್ನು ಪರೀಕ್ಷೆಗೆಂದು ಕೂರಿಸುತ್ತಿದ್ದ ಪುಣೆಯ ದವಾಖಾನೆಯೊಂದು ಅವನನ್ನು ಆರಿಸಿತ್ತು. ಮಗ ದುಂಡೇಶನೇ ಓಡಾಡಿ, ಸಹಿ ಹಾಕಿ, ಮಾಡಿಸಿಕೊಂಡು ಬಂದಿದ್ದ. ಅದನ್ನು ಇಲ್ಲ ಅನ್ನುವಂತಿಲ್ಲ. ಅವನೂ ನಮಗೆ ದಿನಾ ಊಟಕ್ಕೊಮ್ಮೆ ಅದನ್ನು ನೆನಪು ಮಾಡಿಕೊಡದೆ ಬಿಡುತ್ತಿರಲಿಲ್ಲ.

ಅಣ್ಣನ ಕಣ್ಣಿನ ಹಿಂಬದಿಗೆ ಉಳ್ಳಾಗಡ್ಡಿಯ ಸಿಪ್ಪೆಯಂಥ ಒಂದು ಬಿಲ್ಲೆ ಅಂಟಿಸಿದ್ದರು. ಮೂಗಿನ ಮೇಲೆ ದಪ್ಪ ಕರಿ ಕನ್ನಡಕ, ಅದರ ನಡುವೆ ಕ್ಯಾಮೆರಾ, ಸೊಂಟಕ್ಕೆ ಒಂದು ಡಬ್ಬಿ. ಕ್ಯಾಮೆರಾ ಕಂಡದ್ದನ್ನು ಡಬ್ಬಿ ಪುಡಿ ಮಾಡಿ, ತಂತಿಯಿಲ್ಲದೆ, ಗಾಳಿಯಲ್ಲೇ ಒಳಗಿನ ಬಿಲ್ಲೆಗೆ ಎಸೆಯುತ್ತದೆ. ಸಾಸಿವೆ ಕಾಳಿನಷ್ಟು ಇನ್ನೊಂದು ಸಾಮಾನು ಕಣ್ಣೊಳಗೇ ಕೂತು ಅಲ್ಲಿನ ಒತ್ತಡ ಅಳೆದು ದುಂಡೇಶನ ಫೋನಿಗೆ ಕಳಿಸುತ್ತದೆ. ಇಷ್ಟೆಲ್ಲ ಕಸರತ್ತಾದ ಮೇಲೆ ಅಣ್ಣನಿಗೆ ಕಾಣುತ್ತಿದ್ದದ್ದು ಏನು? ಒಂದು ಹಿಡಿ ಬೆಳಕಿನ ಚುಕ್ಕಿ. ಬಣ್ಣವಿಲ್ಲ, ಮುಖವಿಲ್ಲ. ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ, ಎದುರಿಗೆ ಯಾರೋ ಹಾದರು, ಅಷ್ಟೆ. ಆದರೆ ಆ ಅಷ್ಟಕ್ಕೇ ಅವನು ಮೊದಲನೆಯ ದಿನ ಕಿಟಕಿಯ ಮುಂದೆ ಕೂತು ಅತ್ತ ಅಳುವಿಗೆ ಪಡಸಾಲೆಯನ್ನು ಸಾರಿಸುವ ಕೆಲಸ ಉಳಿಯಲಿಲ್ಲ.

ಇನ್ನು ಸೊಸೆ ಉಜ್ವಲಾಳ ಸಂಗತಿ. ಅಂಕಲಿಯ ಹುಡುಗಿ, ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ನಮ್ಮ ಮನೆಯಲ್ಲಿ ಸೊಸೆ ಮಾವನ ಮುಂದೆ ತಲೆ ತುಂಬ ಸೆರಗು ಹೊದೆಯಬೇಕು, ಎದುರು ಕೂತು ಉಣ್ಣಬಾರದು, ನೇರ ಮಾತಾಡಬಾರದು. ಆದರೆ ಮಾವನಿಗೆ ಕಣ್ಣಿಲ್ಲ. ಕಾಣದವನ ಮುಂದೆ ಯಾರ ಸೆರಗು? ಅವಳು ಬಂದ ವರ್ಷವೇ ಸೆರಗು ಹೆಗಲಿಗೆ ಇಳಿಯಿತು. ಅಡುಗೆಮನೆಯಲ್ಲಿ ಅಣ್ಣ ಬೆಳ್ಳುಳ್ಳಿ ಬಿಡಿಸುತ್ತ ಕೂಡುತ್ತಿದ್ದ, ಅವಳು ರೊಟ್ಟಿ ಬಡಿಯುತ್ತ ಊರ ಸುದ್ದಿ ಹೇಳುತ್ತಿದ್ದಳು, ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ಅಂಥ ದರಬಾರು ಕೊಲ್ಲಾಪುರದ ಮಹಾರಾಜರಿಗೂ ಇರಲಿಕ್ಕಿಲ್ಲ.

ಜೀಪು ಬಂದ ಮರುದಿನ ಬೆಳಿಗ್ಗೆ ಅಣ್ಣನ ಹೆಂಡತಿ ಕೆಂಚವ್ವ, ನನ್ನ ವೈನಿ, ಹುಕುಂ ಹೊರಡಿಸಿದಳು.

"ಉಜ್ವಲಾ, ಸೆರಗ ಹೊದಕೋ. ಮಾವಗ ಕಣ್ಣ ಬಂದಾವ."

"ಅತ್ಯಾರ, ಅವರಿಗೆ ನಾ ಯಾವಾಕಿ, ಬಾಗಲಾ ಯಾವದು ತಿಳಿಯಂಗಿಲ್ರಿ."

"ತಿಳೀಲಿ, ಬಿಡಲಿ. ಕಣ್ಣ ಕಣ್ಣ. ನಾಳಿ ಮಂದಿ ಏನಂತಾರು?"

ಅಣ್ಣ ಕನ್ನಡಕವನ್ನು ಅತ್ತಿಂದಿತ್ತ ತಿರುಗಿಸಿದ. "ಏ ಮಗಳ, ನೀ ಒಲಿ ಮುಂದ ಇದ್ದೀಯೇನ? ಅಲ್ಲೊಂದು ದಪ್ಪಂದು ಕಾಣಾಕತ್ತೈತಿ."

"ಅದು ಹಿಟ್ಟಿನ ಡಬ್ಬಿರಿ ಮಾವಾರ."

ನಾನು ನಕ್ಕೆ. ವೈನಿ ನಗಲಿಲ್ಲ. ಉಜ್ವಲಾ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡಳು. ಅವತ್ತಿನಿಂದ ಅಣ್ಣನ ಮುಂದೆ ತಾಟು ಇಟ್ಟು ಸರಿದು ಹೋಗುತ್ತಿದ್ದಳು. ಕುರುಡನಾಗಿದ್ದಾಗ ಹನ್ನೆರಡು ಮಂದಿಯ ನಡುವೆ ಉಣ್ಣುತ್ತಿದ್ದವನು ಕಣ್ಣು ಬಂದ ಮೇಲೆ ಒಬ್ಬನೇ ಉಂಡ.

ಪುಣೆಯ ಡಾಕ್ಟರರು ಹೇಳಿಕಳಿಸಿದ್ದರು: ಕರಿದರ ಮೇಲೆ ಬಿಳಿದು ಇಡಿರಿ, ಆಗ ಚಲೋ ಕಾಣುತ್ತದೆ. ಹಾಗಾಗಿ ಕರಿ ತಾಟು ಬಂತು. ಅದರ ಮೇಲೆ ಬಿಳಿ ಜೋಳದ ರೊಟ್ಟಿ. ಅಣ್ಣ ರೊಟ್ಟಿಯನ್ನು ತಾನೇ ಕಂಡು, ತಾನೇ ಮುರಿದು, "ಸಿಕ್ತು, ಸಿಕ್ತು" ಅನ್ನುತ್ತಿದ್ದ. ಒಂದು ದಿನ ಉಣ್ಣುತ್ತ ಅಂದ: "ರೊಟ್ಟಿ ಕಾಣತಾವ, ಮಜ್ಜಿಗಿ ಕಾಣತೈತಿ. ಕೆಂಚಿ, ನೀ ಒಬ್ಬಾಕಿ ಕಾಣವಲ್ಲಿ."

ಕಾಣುವುದು ಹೇಗೆ? ನಮ್ಮ ಅಡುಗೆಮನೆಯ ಗೋಡೆ ನಮ್ಮಜ್ಜಿಯ ಕಾಲದ ಹೊಗೆ ಕುಡಿದು ಕಾಡಿಗೆಯಾಗಿದೆ. ವೈನಿ ಉಡುವುದು ಕರಿಯಂಚಿನ ಕೆಂಪು ಇಳಕಲ್ಲು. ಎರಡೂ ಅವನ ಕಣ್ಣಿಗೆ ಒಂದೇ ಕತ್ತಲೆ.

ಮರುದಿನ ವೈನಿ ನನ್ನ ಟ್ರಂಕಿನ ಮುಂದೆ ಬಂದು ನಿಂತಳು.

"ತಂಗೆವ್ವಾ, ನಿಂದೊಂದು ಸೀರಿ ಕೊಡ."

ನಾನು ಗಂಡ ಸತ್ತ ಮೇಲೆ ತವರಿಗೆ ಬಂದವಳು. ನನ್ನ ಟ್ರಂಕಿನಲ್ಲಿ ಇರುವವೆಲ್ಲ ಬಿಳಿ ಸೀರೆ.

"ನಂದಾ? ಹುಚ್ಚಿ ಏನ ನೀ? ಗಂಡ ಗುಂಡಕಲ್ಲಿನಂಗ ಕುಂತಾನ!"

"ಕುಂತಾನಂತನ ಕೇಳಾಕತ್ತೀನಿ," ಅಂದಳು.

ರೂಪಾಯಿಯಗಲ ಕುಂಕುಮ, ಕೈ ತುಂಬ ಹಸಿರು ಬಳೆ, ಮೈಮೇಲೆ ವಿಧವೆಯ ಬಿಳಿ ಸೀರೆ. ಹಾಗೆ ಹೋಗಿ ಕರಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಅಣ್ಣನ ಕೈಯೊಳಗಿನ ಬೆಳ್ಳುಳ್ಳಿ ಬಿತ್ತು.

"ಕೆಂಚಿ? ಹೊಳ್ಳು ನೋಡೂನು."

ವೈನಿ ತಿರುಗಿದಳು.

"ಹೊಳ್ಳಿದಿ! ಕೈ ಎತ್ತು. ಎತ್ತಿದಿ! ತಂಗೆವ್ವಾ, ಅಕಿ ಕೈ ಎತ್ತ್ಯಾಳ ಹೌದಲ್ಲ?"

"ಹೌದೋ ಅಣ್ಣಾ, ಲಾವಣಿಯವರಂಗ ನಿಂತಾಳ."

ಅರವತ್ತು ದಾಟಿದ ಹೆಂಗಸು ನಾಚಿದ್ದನ್ನು ನಾನು ಅವತ್ತು ನೋಡಿದೆ. ಓಣಿಯಲ್ಲಿ ಮಾತು ಹಬ್ಬಿತು. ಗಂಡ ಇರುವಾಗಲೇ ಬಿಳಿ ಉಟ್ಟಾಳ, ಎಂಥ ಅಪಶಕುನ ಅಂತ ನಳದ ಕಟ್ಟೆಯಲ್ಲಿ ಕೊಡಗಳಿಗಿಂತ ಬಾಯಿಗಳೇ ಹೆಚ್ಚು ತುಂಬಿ ಹರಿದವು. ಸೊಸೆಯ ಸೆರಗಿನ ವಿಷಯದಲ್ಲಿ ಮಂದಿಯ ಮಾತಿಗೆ ಅಂಜಿದ ವೈನಿ ತನ್ನ ಸೀರೆಗೆ ಅಂಜಲಿಲ್ಲ. ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಬಿಳಿ ಉಡುವುದು, ಸಂಜೆ ದೀಪಕ್ಕೆ ಮುಂಚೆ ಬದಲಿಸುವುದು. ಅಣ್ಣನಿಗೆ ದಿನಕ್ಕೆ ಅದೊಂದು ಹಬ್ಬ.

ಅದೇ ಹೊತ್ತಿಗೆ ಇನ್ನೊಂದು ಪವಾಡ ಶುರುವಾಯಿತು. ದುಂಡೇಶ ಕಾಗವಾಡದಲ್ಲಿ ಗೊಬ್ಬರ, ಔಷಧದ ಅಂಗಡಿ ಇಟ್ಟಿದ್ದಾನೆ. ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೆ ಬರುವವನು. ಅಲ್ಲಿಂದಲೇ ಫೋನು ಬರತೊಡಗಿತು. "ಅವ್ವಾ, ಹಾಲ ಉಕ್ಕಾಕತ್ತೈತಿ, ಒಲಿ ಕಡೆ ನೋಡ." ನೋಡಿದರೆ ಹಾಲು ಉಕ್ಕುತ್ತಿತ್ತು! ವೈನಿ ಕೈ ಮುಗಿದಳು. "ನನ್ನ ಮಗನ ಮೈಯಾಗ ದೇವರ ಬಂದಾನ."

ದೇವರು ಎರಡು ದಿನ ಹಾಲು ಕಾದ, ಮೂರನೆಯ ದಿನ ಹೆಂಡತಿಯನ್ನು ಕಾಯತೊಡಗಿದ. ರಾತ್ರಿ ತಾಟಿನ ಮುಂದೆ ಕೂತವನೇ ಶುರು.

"ಮಧ್ಯಾಹ್ನ ಅಂಕಲಿಗೆ ಫೋನ್ ಹಚ್ಚಿ ಏನ ಅಷ್ಟ ನಗಾಕತ್ತಿದ್ದಿ?"

ಉಜ್ವಲಾಳ ಕೈಯಲ್ಲಿ ಸೌಟು ನಿಂತಿತು. "ಯಾರ ಹೇಳಿದ್ರು?"

"ಯಾರರ ಹೇಳಲಿ. ಮತ್ತ ಆ ಬಾಜೂಮನಿ ಭೂಪಾಲನ ಹೇಣ್ತಿಗೆ ಬುಟ್ಟಿ ತುಂಬ ದ್ರಾಕ್ಷಿ ಕೊಟ್ಟೀದಿ. ತ್ವಾಟಾ ನಿಮ್ಮಪ್ಪಂದೇನ?"

ಉಜ್ವಲಾ ಅತ್ತೆಯ ಕಡೆ ನೋಡಿದಳು. ಅತ್ತೆ ನನ್ನ ಕಡೆ ನೋಡಿದಳು.

"ನನ್ನ ಕಡೆ ಏನ ನೋಡತಿ?" ಅಂದೆ. "ನಾ ಸುಳ್ಳ ಹೇಳತೀನಿ, ಚಾಡಿ ಹೇಳಂಗಿಲ್ಲ. ಸುಳ್ಳಿಗೆ ಬುದ್ಧಿ ಬೇಕು. ಚಾಡಿಗೆ ಬರೇ ಬಾಯಿ ಸಾಕು."

ವಾರಗಟ್ಟಲೆ ಹೀಗೇ ನಡೆಯಿತು. ಸೊಸೆ ಅತ್ತೆಯ ತಾಟಿಗೆ ತುಪ್ಪ ಬಿಡುವುದನ್ನು ನಿಲ್ಲಿಸಿದಳು. ಅತ್ತೆ ಸೊಸೆಯ ಅರಿವೆ ಒಣಹಾಕುವುದನ್ನು ನಿಲ್ಲಿಸಿದಳು. ನನ್ನ ಸಂಗಡ ಇಬ್ಬರೂ ಮಾತು ಬಿಟ್ಟರು. ನನಗೆ ಮಾತಿಲ್ಲದೆ ಇರುವುದೆಂದರೆ ಎಮ್ಮೆಗೆ ನೀರಿಲ್ಲದಂತೆ. ಹೊಟ್ಟೆ ಉಬ್ಬಿ ಸಾಯುವುದೊಂದು ಬಾಕಿ. ಅಣ್ಣ ನಡುವೆ ಕೂತು ಒಮ್ಮೆ ಇವಳ ದನಿ ಬಂದ ಕಡೆ, ಒಮ್ಮೆ ಅವಳ ದನಿ ಬಂದ ಕಡೆ ಕನ್ನಡಕ ತಿರುಗಿಸುತ್ತಿದ್ದ. ಜಗಳ ಏರಿದಂತೆ ಅವನ ಡಬ್ಬಿ "ಕುಂಯ್" ಅನ್ನುತ್ತಿತ್ತು. ಕಣ್ಣಿನ ಒತ್ತಡ ಏರಿದೆ ಎಂದು ಅರ್ಥ.

ಎಮ್ಮೆಗೆ ಹಿಂಡಿ ತೀರಿತ್ತು. ತರಲು ನಾನೇ ಬಸ್ಸು ಹತ್ತಿ ಕಾಗವಾಡಕ್ಕೆ ಹೋದೆ. ಹಿಂಡಿ ಕೊಂಡು ದುಂಡೇಶನ ಅಂಗಡಿಗೆ ಬಂದರೆ ಒಳಗೆ ಕಾಲಿಡಲು ಜಾಗವಿಲ್ಲ. ಐವತ್ತು ಮಂದಿ ಇದ್ದರು. ಸರಿ, ಭಾಗಿಸಿಕೊಳ್ಳಿರಿ, ಹತ್ತು ಹನ್ನೆರಡು ಮಂದಿ. ಎಲ್ಲರ ಕೈಯಲ್ಲಿ ಚಹಾ, ಎಲ್ಲರ ಮುಖ ಗೋಡೆಯ ಟೀವಿಯ ಕಡೆ. ಯಾವಾಗಲೂ ಹನಿ ನೀರಾವರಿ ಪೈಪಿನ ಜಾಹೀರಾತು ಓಡುವ ಟೀವಿ ಅದು. ಅವತ್ತು ಅದರಲ್ಲಿ ನಮ್ಮ ಅಡುಗೆಮನೆ.

ನಮ್ಮ ಒಲೆ, ನಮ್ಮ ಕರಿ ಗೋಡೆ, ನನ್ನ ಬಿಳಿ ಸೀರೆ ಉಟ್ಟ ವೈನಿ. ಪೂರಾ ಬಣ್ಣದಲ್ಲಿ, ಬಳೆಯ ಹಸಿರು ಸೈತ. ವೈನಿ ಬಾಯಿಯಿಂದ ಹಲ್ಲಿನ ಸೆಟ್ಟು ತೆಗೆದು ವಾಟಿಯ ನೀರಿನಲ್ಲಿ ತೊಳೆಯುತ್ತಿದ್ದಳು. ಅಂಗಡಿ ಹೋ ಎಂದು ನಕ್ಕಿತು.

"ಅಪ್ಪನ ಕಣ್ಣಾಗ ನೋಡಾಕತ್ತೀವ್ರಿ ನಾವು," ಎಂದು ದುಂಡೇಶ ಹೊಸದಾಗಿ ಬಂದವನೊಬ್ಬನಿಗೆ ವಿವರಿಸುತ್ತಿದ್ದ. "ಕ್ಯಾಮೆರಾ ಕಂಡದ್ದೆಲ್ಲಾ ನನ್ನ ಫೋನಿಗೆ ಬರತೈತಿ. ಅಪ್ಪಗ ನೋಡೂದು ಕಲಿಸಾಕಂತ ದವಾಖಾನಿಯವರ ಕೊಟ್ಟಾರ. ಇಂಥಾದು ಬೆಳಗಾವಿ ಜಿಲ್ಲಾದಾಗ ಎರಡನೇದಿಲ್ಲ."

ಸಂಗ್ರಾಮ ಎಂಬ ಒಬ್ಬ ಟ್ರ್ಯಾಕ್ಟರಿನವನು, ಗುಟ್ಕಾದ ಬಾಯಿ, ಅಂದ: "ಅವ್ವನ ಹಲ್ಲ ಸಾಕಾದ್ವೋ ದುಂಡಣ್ಣಾ. ಆ ಕಡೆ ಉಜ್ವಲಾ ವೈನಿ ರೊಟ್ಟಿ ಬಡ್ಯಾಕತ್ತಾರ. ಅಪ್ಪನ ಮಾರಿ ಅತ್ತಾಗ ಹೊಳ್ಳಸು."

ಈಗ ಒಂದು ಏಟು ಹೊಡೆಯುತ್ತಾನೆ ಅಂದುಕೊಂಡೆ. ದುಂಡೇಶ ಮನೆಗೆ ಫೋನು ಹಚ್ಚಿದ. "ಅಪ್ಪಾ, ಒತ್ತಡ ಏರಾಕತ್ತೈತಿ ನಿಂದು. ಜರಾ ಎಡಕ್ಕ ಹೊಳ್ಳಿ ಕುಂಡರು. ಹಾಂ, ಇನ್ನಷ್ಟ. ಹಾಂ, ಹಂಗ ಇರು."

ಟೀವಿಯಲ್ಲಿ ನಮ್ಮ ಮನೆ ನಿಧಾನಕ್ಕೆ ತಿರುಗಿತು. ಮಗನ ಮಾತು ನಂಬಿದ ಅಣ್ಣ ತನ್ನ ಕಣ್ಣನ್ನು ಕಾಪಾಡಿಕೊಳ್ಳಲು ಎಡಕ್ಕೆ ಹೊಳ್ಳಿ ಕೂತ. ಉಜ್ವಲಾ ಕಾಣಿಸಿದಳು. ಒಲೆಯ ಝಳಕ್ಕೆ ಬೆವೆತಿದ್ದಳು, ಮಾವ ಇನ್ನೂ ಆಚೆ ಕಡೆಗೇ ನೋಡುತ್ತಿದ್ದಾನೆಂದುಕೊಂಡು ಸೆರಗನ್ನು ಜಾರಿಸಿ ಅದರಲ್ಲೇ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಹತ್ತು ಮಂದಿ ಚಹಾ ಗುಟುಕರಿಸುವ ಸಪ್ಪಳ ಕೇಳಿತು.

ನಾನು ಹಿಂಡಿಯ ಚೀಲ ಅಲ್ಲೇ ಒಗೆದು ಹೊರಗೆ ಬಂದೆ. ಬಸ್ಸಿನಲ್ಲಿ ಕೂತಾಗ ನೆನಪಾಗಿ ಮತ್ತೆ ಹೋಗಿ ಚೀಲ ತಂದೆ. ಎಮ್ಮೆಯ ತಪ್ಪೇನು?

ಅವತ್ತು ರಾತ್ರಿ ದುಂಡೇಶ ಮೊದಲನೆಯ ತುತ್ತು ಎತ್ತುವುದರೊಳಗೆ ನಾನು ಎಲ್ಲ ಹೇಳಿದೆ. ಆಣೆಯಿಟ್ಟು ಹೇಳುತ್ತೇನೆ, ಒಂದು ಕಾಳಿನಷ್ಟೂ ಹೆಚ್ಚಿಗೆ ಸೇರಿಸಲಿಲ್ಲ. ಸೇರಿಸಲು ಅಲ್ಲಿ ಜಾಗವೇ ಇರಲಿಲ್ಲ.

"ಸಣ್ಣತ್ತಿ ಮಾತ ಎಲ್ಲಾರ ಖರೆ ಇರತಾವೇನ?" ಎಂದ ದುಂಡೇಶ.

"ಹೌದಪಾ, ನಾ ಸುಳ್ಳಿ. ನಿಮ್ಮವ್ವನ ಹಲ್ಲ ತೊಳಿಯೂ ವಾಟಿ ಯಾವದು, ಹೇಳಲಿ? ಸಂಗ್ರಾಮ ಸೈತ ಗುರುತ ಹಿಡಿತಾನ ಈಗ."

ವೈನಿಯ ಕೈ ತಾನೇ ಬಾಯಿಗೆ ಹೋಯಿತು. "ನನ್ನ ಹಲ್ಲ... ಕಾಗವಾಡದ ಮಂದೆಲ್ಲಾ ನೋಡ್ಯಾರ?"

"ಅವ್ವಾ, ಅದರಾಗ ಏನೈತಿ? ಗಿರಾಕಿ ಬರತಾರ, ಹೊಸಾದು ನೋಡತಾರ. ಅಪ್ಪನ ಕಾಳಜಿಗೆ ಹಚ್ಚೀನಿ ನಾ."

ಉಜ್ವಲಾ ಒಲೆಯ ಮುಂದಿನಿಂದ ಎದ್ದು ಬಂದಳು. ದನಿ ಏರಿಸಲಿಲ್ಲ. "ಮಾವಾರಿಗೆ ಕಣ್ಣ ಬಂದಾವಂತ ಸೆರಗ ಹೊದ್ದೀನಿ. ನಿಮ್ಮ ಅಂಗಡಿಗೆಲ್ಲಾ ಕಣ್ಣ ಬಂದ್ರ ನಾ ಏನ ಹೊದೀಲಿ, ಗೋಣಿ ಚೀಲಾ?"

ಈಗ ಅಣ್ಣ ಕೇಳಿದ: "ದುಂಡ್ಯಾ, ನಿನಗ ಫೋನಿನಾಗ ಹೆಂಗ ಕಾಣತೈತಿ? ಚುಕ್ಕಿನ ಏನ?"

"ಇಲ್ಲಪಾ. ಸ್ವಚ್ಛ ಕಾಣತೈತಿ. ಚುಕ್ಕಿ ನಿನ್ನ ಬಿಲ್ಲಿಯೊಳಗ ಅಷ್ಟ."

"ಬಣ್ಣಾ?"

"ಬಣ್ಣಾನೂ."

"ನಿಮ್ಮವ್ವನ ಮಾರಿ?"

ದುಂಡೇಶ ತಾಟಿನ ಕಡೆ ನೋಡಿದ. "ಕಾಣತೈತಿ."

ಅಣ್ಣನ ಡಬ್ಬಿ "ಕುಂಯ್" ಅಂದಿತು. ಅವನು ಅದರ ಮೇಲೆ ಕೈ ಇಟ್ಟು ಮುಚ್ಚಿದ. "ಬಂದ್ ಮಾಡು ಅದನ್ನ."

"ಆತು, ಮಾಡತೀನಿ," ಅಂದ ದುಂಡೇಶ. ಫೋನನ್ನು ಹಾಗೆ ಹೀಗೆ ಒತ್ತಿ ಕಿಸೆಯಲ್ಲಿ ಇಟ್ಟ. "ಆತು ನೋಡ್ರಿ."

ನಂಬಿದೆವು. ನಮ್ಮ ಮಗನಲ್ಲವೇ? ಅತ್ತೆ ಸೊಸೆಯ ತಾಟಿಗೆ ತಾನೇ ತುಪ್ಪ ಬಿಟ್ಟಳು. ವೈನಿ ಮತ್ತೆ ಮಧ್ಯಾಹ್ನ ಬಿಳಿ ಉಟ್ಟಳು. ಅಣ್ಣ ಮತ್ತೆ "ಹೊಳ್ಳು ನೋಡೂನು" ಅಂದ. ಹಲ್ಲು ಮಾತ್ರ ವೈನಿ ಬಚ್ಚಲಿಗೆ ಹೋಗಿ ತೊಳೆಯತೊಡಗಿದಳು.

ಒಂದು ವಾರ ಕಳೆದಿರಬೇಕು. ರಾತ್ರಿ ಉಣ್ಣುತ್ತ ದುಂಡೇಶ ಬದನೆಕಾಯಿ ಎಣ್ಣೆಗಾಯಿಯನ್ನು ಹೊಗಳಿ, ಖುಷಿಯಲ್ಲಿ ಅಂದುಬಿಟ್ಟ: "ಅವ್ವಾ, ಆ ಬಿಳಿ ಸೀರಿ ಸಾಕ ಮಾಡ. ಮಂದಿ ನಗತಾರ. ಇವತ್ತ ನೋಡಿದ್ರ ಅಂಚ ಸೈತ ಹರದೈತಿ."

ಸೀರೆಯ ಅಂಚು ಹರಿದದ್ದು ಅವತ್ತು ಮಧ್ಯಾಹ್ನ, ಒಲೆಯ ಕಟ್ಟಿಗೆಗೆ ಸಿಕ್ಕು. ಸಂಜೆಗೆ ಅದು ಮಡಿಚಿ ನನ್ನ ಟ್ರಂಕು ಸೇರಿತ್ತು.

ದುಂಡೇಶನೇ ತುತ್ತು ನುಂಗಲಾರದೆ ಕೆಮ್ಮಿದ. ಉಜ್ವಲಾ ನೀರಿನ ತಂಬಿಗೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು.

ಬೆಳಿಗ್ಗೆ ಅವಳು ಪುಣೆಗೆ ಫೋನು ಹಚ್ಚಿ ಕೇಳಿದಳು. ಅಲ್ಲಿಯವರು ಮೆತ್ತಗೆ ಹೇಳಿದರಂತೆ: ಸಹಿ ಮಾಡಿದ ಮಗನೇ ಹೇಳಬೇಕು, ಅವರ ಫೋನಿನಿಂದಲೇ ಬಂದ್ ಆಗಬೇಕು, ಕನ್ನಡಕ ಹಾಕಿಕೊಂಡರೆ ಚಿತ್ರ ಹೋಗಿಯೇ ಹೋಗುತ್ತದೆ.

ಅಣ್ಣ ಅದನ್ನು ಕೇಳಿಕೊಂಡು ಕಿಟಕಿಯ ಕಡೆಯಿಂದ ಈಚೆಗೆ ತಿರುಗಿದ. ಆಮೇಲೆ ಅಂದ: "ಕೆಂಚಿ, ಸೀರಿ ಉಟಕೊಂಡ ಬಾ."

"ಬ್ಯಾಡ್ರಿ. ಅವ ನೋಡತಾನ."

"ನೋಡಲಿ. ಇದೊಂದ ಸಲ."

ವೈನಿ ಹರಿದ ಅಂಚಿನ ಸೀರೆ ಉಟ್ಟು ಬಂದು ಕರಿ ಗೋಡೆಗೆ ನಿಂತಳು. ಅಣ್ಣ ಹೊಳ್ಳು ಅನ್ನಲಿಲ್ಲ, ಕೈ ಎತ್ತು ಅನ್ನಲಿಲ್ಲ. ನೋಡಿದ. ಅವಳೂ ನಿಂತಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ಯಾರೂ ಹೋಗಲಿಲ್ಲ. ದುಂಡೇಶನ ಫೋನು ಬಂತು, ಯಾರೂ ಎತ್ತಲಿಲ್ಲ.

ಆಮೇಲೆ ಅಣ್ಣ ಕನ್ನಡಕ ತೆಗೆದು, ಡಬ್ಬಿ ಬಿಚ್ಚಿ, ನನ್ನ ಕೈಗೆ ಕೊಟ್ಟ. "ತಂಗೆವ್ವಾ, ಇವತ್ತ ಅಂಗಡ್ಯಾಗ ಕಂಪನಿಯವರು, ದೊಡ್ಡ ಗಿರಾಕಿ ಎಲ್ಲಾ ಕೂಡತಾರಂತ. ಮಗಾ ಹೇಳತಿದ್ದ. ಎಮ್ಮಿ ಹಿಂದಿನ ಗೋಡ್ಯಾಗ ಮೊಳಿ ಐತಲ್ಲ?"

"ಐತಿ."

"ಅದಕ್ಕ ತೂಗ ಹಾಕು. ಅದರ ಮಾರಿ ಎಮ್ಮಿ ಕಡೆ ಇರಲಿ. ಎಮ್ಮಿ ಮಾರಿ ಕಡೆ ಅಲ್ಲ."

ಅವತ್ತು ಎಮ್ಮೆಗೆ ಹಸಿ ಮೇವು ಹೆಚ್ಚಾಗಿತ್ತು. ಹಿಂದಿನ ರಾತ್ರಿಯ ಹುಳಿ ಅಂಬಲಿಯನ್ನೂ ನಾನೇ ಕುಡಿಸಿದ್ದೆ. ಹೆಚ್ಚು ವರ್ಣಿಸುವುದಿಲ್ಲ. ಅಂಗಡಿಯಲ್ಲಿದ್ದವರು ಆಮೇಲೆ ಹೇಳಿದ್ದು ಇಷ್ಟು: ಹಾರ ತುರಾಯಿ ಮುಗಿದ ಮೇಲೆ ದುಂಡೇಶ ಎದ್ದು ನಿಂತು, ಇನ್ನ ನಮ್ಮ ತಂದೆಯವರ ಕಣ್ಣಿನಿಂದ ಜಗತ್ತು ನೋಡ್ರಿ ಎಂದು ಟೀವಿ ಹಚ್ಚಿದನಂತೆ. ಬಾಲ ಏಳುವುದಕ್ಕೂ ಚಪ್ಪಾಳೆ ಬೀಳುವುದಕ್ಕೂ ಸರಿಹೋಯಿತಂತೆ. ಕಂಪನಿಯವನ ಕೈಯಲ್ಲಿದ್ದ ಪೇಢೆ ಅಲ್ಲೇ ನಿಂತಿತಂತೆ. ಸಂಗ್ರಾಮನೊಬ್ಬ ನೆಲಕ್ಕೆ ಬಿದ್ದು ನಕ್ಕನಂತೆ.

ದುಂಡೇಶ ಮೋಟಾರ್ ಸೈಕಲ್ಲನ್ನು ಪಡಸಾಲೆಯವರೆಗೆ ಹತ್ತಿಸಿಯೇ ಬಂದ. ಅಡುಗೆಮನೆಯಲ್ಲಿ ಅಣ್ಣ ಬೆಳ್ಳುಳ್ಳಿ ಬಿಡಿಸುತ್ತಿದ್ದ. ಉಜ್ವಲಾ ಎದುರಿಗೆ ಸೆರಗು ಹೆಗಲಿಗೆ ಬಿಟ್ಟುಕೊಂಡು ಕೂತು ಸೊಪ್ಪು ಸೋಸುತ್ತಿದ್ದಳು. ವೈನಿ ಸೆರಗಿನ ಮಾತೆತ್ತಲಿಲ್ಲ.

"ಎಂಥಾ ಸಾಮಾನ ಅದು! ಶೆಗಣ್ಯಾಗ ಇಟ್ಟೀರಿ! ನನ್ನ ಮಾನ ಮರ್ಯಾದಿ ಐತೋ ಇಲ್ಲೋ?"

"ನಿಂದು ಐತೇನ?" ಎಂದ ಅಣ್ಣ. "ಎಮ್ಮಿ ಮಾನ ನೋಡಿದ್ದಕ್ಕ ಇಷ್ಟ ಸಿಟ್ಟ ಬಂತು. ಅದು ನಮ್ಮ ಮನಿ ಸೊಸಿ ಅಲ್ಲಪಾ."

"ನಾ ಓಡ್ಯಾಡಲಿಲ್ಲಂದ್ರ ನಿನಗ ಕಣ್ಣ ಎಲ್ಲಿದ್ವು?"

"ಖರೆ ಐತಿ. ಈಗರ ಕೊಡು. ಉಜ್ವಲಾನ ಕೈಯಾಗ ಫೋನ್ ಇಡು. ಅಕಿ ಮುಂದ ಬಂದ್ ಮಾಡು. ಈಗಿಂದೀಗ ಹಾಕ್ಕೊತೀನಿ. ನನಗೂ ಕಾಣಬೇಕಂತ ಆಸೆ ಐತಿ, ದುಂಡ್ಯಾ. ಬಾಳ ಐತಿ."

ಇಷ್ಟೇ ಕೇಳಿದ್ದು. ಒಂದು ಫೋನು, ಒಂದು ಬೆರಳು. ವೈನಿ ಮಗನ ಮುಖವನ್ನೇ ನೋಡುತ್ತಿದ್ದಳು. ದುಂಡೇಶ ಕಿಸೆಗೆ ಕೈ ಹಾಕಿದ. ಹೆಂಡತಿಯ ಚಾಚಿದ ಕೈ ನೋಡಿದ. ಕಿಸೆಯಿಂದ ಬರಿಗೈ ತೆಗೆದ.

"ಹೇಣ್ತಿ ಕೈಯಾಗ ಫೋನ್ ಕೊಟ್ಟ ನಿಂದ್ರಂವ ಅಲ್ಲ ನಾ. ಬ್ಯಾಡಾದ್ರ ಬಿಡ್ರಿ."

ಕನ್ನಡಕವನ್ನು ಮೊಳೆಯಿಂದ ಕಿತ್ತು, ಡಬ್ಬಿ ಎತ್ತಿಕೊಂಡು ಹೊರಟೇ ಹೋದ. ಅಂಗಡಿಯ ಗಾಜಿನ ಕಪಾಟಿನಲ್ಲಿ, ಔಷಧದ ಬಾಟಲಿಗಳ ನಡುವೆ, ಅದೀಗ ಕೂತಿದೆ. ಬಂದವರಿಗೆ ತೋರಿಸುತ್ತಾನೆ: ನಮ್ಮಪ್ಪನ ಕಣ್ಣು. ಒಳಗಿನ ಸಾಸಿವೆ ಕಾಳು ಮಾತ್ರ ಅಣ್ಣನ ಕಣ್ಣಲ್ಲೇ ಉಳಿದಿದೆ. ಅದಕ್ಕೆ ಡಬ್ಬಿ ಬೇಕಿಲ್ಲವಂತೆ, ಫೋನು ಹತ್ತಿರ ಬಂದರೆ ಸಾಕಂತೆ. ಮೊನ್ನೆ ರಾತ್ರಿ ಊಟಕ್ಕೆ ಬಂದವನು ಫೋನು ನೋಡಿ, ಯಾರೂ ಕೇಳದಿದ್ದರೂ ಹೇಳಿದ: "ಅಪ್ಪಂದು ಒತ್ತಡ ಬಾಳ ಚಲೋ ಐತಿ ಈಗ. ಇಷ್ಟ ಚಲೋ ಎಂದೂ ಇರಲಿಲ್ಲ." ಅದರ ಶ್ರೇಯಸ್ಸೂ ತನ್ನದೇ ಎಂಬಂತೆ ಹೇಳಿದ. ಉಜ್ವಲಾ ಅವನ ತಾಟನ್ನು ಪಡಸಾಲೆಯಲ್ಲಿ ಇಟ್ಟು ಬಂದಳು. ಈಗ ಒಬ್ಬನೇ ಉಣ್ಣುವವನು ಅವನು.

ಅವತ್ತಿನಿಂದ ವೈನಿ ನನ್ನ ಸೀರೆಯನ್ನು ಮರಳಿ ಟ್ರಂಕಿಗೆ ಇಡಲಿಲ್ಲ. ಒಂದು ದಿನ ಅಂಚಿನ ಹರುಕಿನಿಂದಲೇ ಹಿಡಿದು ಪರ್ ಎಂದು ಸೀಳಿ, ಚೌಕ ತುಂಡು ಮಾಡಿ, ಬಿಸಿ ರೊಟ್ಟಿ ಸುತ್ತಿಡುವ ಅರಿವೆ ಮಾಡಿದಳು. ನಾನು ಮುಖ ತಿರುವಿ ಒಲೆ ಊದಿದೆ.

ಉಜ್ವಲಾ ರೊಟ್ಟಿಯ ಗಂಟನ್ನು ಮಾವನ ಮುಂದಿಟ್ಟು, ತಾನೂ ಎದುರಿಗೆ ತಾಟು ಹಾಕಿಕೊಂಡು ಕೂತಳು. ಅಣ್ಣ ರೊಟ್ಟಿ ತೆಗೆಯಲು ಕೈ ಹಾಕಿದವನು ರೊಟ್ಟಿ ಬಿಟ್ಟು ಅರಿವೆಯನ್ನು ಬೆರಳಿನಲ್ಲಿ ತಿಕ್ಕಿದ.

"ಕೆಂಚಿ," ಅಂದ, "ಅಂಚ ಯಾವ ಕಡೆ ಹರದಿತ್ತ?"

"ಎಡಕ್ಕ," ಅಂದಳು ವೈನಿ.

"ಹೌದು. ಎಡಕ್ಕ. ಕಂಡಿದ್ದೆ ನಾ."

ಅಷ್ಟು ಸಣ್ಣ ಹರುಕು ಆ ಚುಕ್ಕಿಗಳಲ್ಲಿ ಕಾಣುವುದು ಸಾಧ್ಯವೇ ಇರಲಿಲ್ಲ. ನಮ್ಮ ಮನೆಯಲ್ಲಿ ನನ್ನನ್ನು ಮೀರಿಸುವ ಸುಳ್ಳು ಹೇಳಿದವನು ಅವನೊಬ್ಬನೇ.